ಹಾಲುಮನೆಯ ಇಲಿಗಳು

ಇವನ್ನು ಹೆತ್ತವಳ ಹತ್ತಿರವೇ ಬಿಟ್ಟರೆ ಬದುಕುತ್ತವೆಯೇ? ಬದುಕದೆ ಏನು, ಬೇರೆ ಊರುಗಳಲ್ಲಿ ಇಲಿಗಳೆಲ್ಲ ಹಾಗೇ ಬೆಳೆಯುತ್ತವಂತೆ, ಮನುಷ್ಯರೂ ಹಾಗೇ ಅಂತೆ. ಹಾಗಿದ್ದರೆ ನನ್ನ ಕೈ ಯಾಕೆ ಮುಂದಕ್ಕೆ ಹೋಗುತ್ತಿಲ್ಲ? ಹೀಗೆ ಯೋಚಿಸುತ್ತ ಆ ಬೆಳಿಗ್ಗೆ ನಾನು ಪಂಜರದ ಮುಂದೆ ನಿಂತೇ ಇದ್ದೆ. ಅಂಗೈಯಲ್ಲಿ ಆಗತಾನೇ ಹುಟ್ಟಿದ ಮರಿಗಳಿದ್ದವು. ಅವರೆಕಾಳಿಗಿಂತ ತುಸು ದೊಡ್ಡವು, ಮೈಯೆಲ್ಲ ಗುಲಾಬಿ, ಕಣ್ಣಿರಬೇಕಾದ ಜಾಗದಲ್ಲಿ ಕಪ್ಪು ಚುಕ್ಕೆ. ಹಾಲು ಕುಡಿದ ಮರಿಯ ಹೊಟ್ಟೆಯಲ್ಲಿ ಚರ್ಮದ ಹೊರಗಿನಿಂದಲೇ ಬಿಳಿ ಮಚ್ಚೆಯೊಂದು ಕಾಣುತ್ತದೆ. ಇವಕ್ಕೆ ಅದಿನ್ನೂ ಮೂಡಿರಲಿಲ್ಲ. ಹಿಂದೆ ನಿಂತಿದ್ದ ಜೈತುನಕ್ಕ, "ನೀನು ಬಿಡು ನೋಡೋಣ. ನನ್ನ ಕೈಯಲ್ಲಂತೂ ಆಗಲ್ಲಪ್ಪ. ಹೆತ್ತೋಳ ಹತ್ರಾನೇ ಮಗು ಬಿಟ್ಬಿಡೋದು ಅಂದ್ರೆ ಏನು, ಅನಾಥ ಮಾಡ್ದಂಗೆ" ಎಂದಳು.

ಈಗ ನಾನು ಆ ಊರಿನಲ್ಲಿಲ್ಲ. ಅದನ್ನು ನೆನೆಯುವಾಗ ಮೊದಲು ಮೂಗಿಗೆ ಬರುವುದು ಸುಣ್ಣದ ಗೂಡಿನ ಹೊಗೆ, ಆಮೇಲೆ ಇಲಿಮನೆಯ ಮರದ ಹೊಟ್ಟಿನ ವಾಸನೆ. ಎರಡೂ ಒಂದಾಗಿ ಬರುವುದೂ ಉಂಟು. 

ನಮ್ಮ ಊರಿನಲ್ಲಿ ಯಾವ ಮಗುವೂ ಹುಟ್ಟಿದ ಮನೆಯಲ್ಲಿ ಹಾಲು ಕುಡಿಯುತ್ತಿರಲಿಲ್ಲ. ಮಗುವಿನ ಮೊದಲ ಅಳು ಕೇಳಿದ ಮೇಲೆ ಮನೆಯ ಮುಂದೆ ಮೊದಲು ಯಾರು ಹಾದುಹೋಗುತ್ತಾರೋ ಅವರ ಮನೆಯೇ ಅದರ ಹಾಲುಮನೆ. ಅಲ್ಲಿ ಹಾಲೂಡಿಸುವವರಿಲ್ಲದಿದ್ದರೆ ಪಕ್ಕದ ಮನೆಯಲ್ಲಿ ಯಾರಾದರೂ ಇರುತ್ತಿದ್ದರು, ಅವರೂ ಇಲ್ಲದಿದ್ದರೆ ಮೇಕೆ. ಯಾವ ಬೀದಿ, ಯಾವ ಜನ ಎಂದು ಕೇಳುವ ಹಾಗಿರಲಿಲ್ಲ. ಅಂಥ ಚಿಂತೆ ಇದ್ದವರು ಹೆರಿಗೆಮನೆಯ ಮುಂದೆ ತಮಗೆ ಬೇಕಾದವರನ್ನು ಓಡಾಡಿಸುತ್ತಿದ್ದರು, ಅಷ್ಟೆ. ನಮ್ಮಮ್ಮನಿಗೆ ನೋವು ಬಂದಾಗ ಎದುರುಮನೆಯ ಪಟೇಲರ ಸೊಸೆ ಕೊತ್ತಂಬರಿ ಸೊಪ್ಪಿನ ನೆಪದಲ್ಲಿ ಬೆಳಗಿನಿಂದ ಬೀದಿ ಸವೆಸಿದಳಂತೆ. ಅವಳು ಕಾಫಿ ಕುಡಿದು ಬರುತ್ತೇನೆಂದು ಒಳಗೆ ಹೋದ ಹೊತ್ತಿಗೇ ನಾನು ಕಿರುಚಿಕೊಂಡೆ. ಆಗ ಹಾದುಹೋದವನು ಕತ್ತೆಯ ಮೇಲೆ ಮೂಟೆ ಹೇರಿಕೊಂಡು ಬರುತ್ತಿದ್ದ ಸುಣ್ಣದ ಗೂಡಿನ ಚನ್ನಯ್ಯ. "ಕತ್ತೆ ಮೊದಲು ಹಾದಿದ್ದು, ಪುಣ್ಯಕ್ಕೆ ಅದನ್ನ ಲೆಕ್ಕಕ್ಕೆ ಹಿಡಿಯಲಿಲ್ಲ" ಎಂದು ಅಪ್ಪ ನಗುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ, ಬೇಸರವನ್ನೂ ಮಾಡಿಕೊಳ್ಳುತ್ತಿರಲಿಲ್ಲ. ಅವಳ ಮಡಿಲಿಗೆ ಅದೇ ವಾರ ಗಾಣದವರ ಮನೆಯ ಹೆಣ್ಣುಮಗು ಗಂಗೆ ಬಂದಿದ್ದಳು.

ಚನ್ನಯ್ಯನ ಹೆಂಡತಿ ದ್ಯಾವಮ್ಮ ನನ್ನ ಅವ್ವ. ಅವಳ ಹುಬ್ಬು ಯಾವಾಗಲೂ ಸುಣ್ಣದ ಧೂಳಿನಿಂದ ಬೆಳ್ಳಗಿರುತ್ತಿತ್ತು. ಅವಳು ಮುದುಕಿ ಎಂದೇ ನಾನು ತಿಳಿದಿದ್ದೆ. ಮುಖ ತೊಳೆದ ದಿನ ಹುಡುಗಿಯಂತೆ ಕಂಡು ನನಗೆ ಗಾಬರಿಯಾಗುತ್ತಿತ್ತು. ಮುದ್ದೆ ಮುರಿದು, ಬಿಸಿ ಎಷ್ಟಿದೆಯೆಂದು ಮೊದಲು ತನ್ನ ನಾಲಿಗೆಗೆ ತಾಗಿಸಿ, ಆಮೇಲೆ ನನ್ನ ಬಾಯಿಗೆ ಇಡುತ್ತಿದ್ದಳು. ಚಳಿಗಾಲದಲ್ಲಿ ಆರಿದ ಗೂಡಿನ ಗೋಡೆಗೆ ನನ್ನ ಬೆನ್ನು ಒರಗಿಸಿ ಕೂರಿಸುತ್ತಿದ್ದಳು. ಆ ಗೋಡೆಯ ಕಾವು ಈಗಲೂ ಬೆನ್ನಿನಲ್ಲಿದೆ ಎಂದು ನನಗೆ ಅನಿಸುತ್ತದೆ. ಅದು ನಿಜವಾದ ನೆನಪೋ ನಾನೇ ಕಟ್ಟಿಕೊಂಡದ್ದೋ ಹೇಳಲಾರೆ.

ಹಾಲುಮನೆ ಮುಗಿಯುವುದಕ್ಕೂ ಒಂದು ಕ್ರಮವಿತ್ತು. ಮಗು ನೀರು ತುಂಬಿದ ಹಿತ್ತಾಳೆ ಚೊಂಬನ್ನು ಹಾಲುಮನೆಯಿಂದ ಹುಟ್ಟಿದ ಮನೆಯವರೆಗೆ ಚೆಲ್ಲದೆ ಹೊತ್ತು ತಂದ ದಿನ ಅದು ಮನೆಗೆ ಬಂದಂತೆ. ನಾನು ಎಷ್ಟೋ ಸಲ ಬೇಕೆಂದೇ ಚೆಲ್ಲಿದೆ. ಕೊನೆಗೆ ಒಂದು ದಿನ ಬೀದಿಯಲ್ಲಿ ಎಲ್ಲರೂ "ಶಹಭಾಸ್" ಎನ್ನುತ್ತಿದ್ದ ಹುರುಪಿನಲ್ಲಿ ಮರೆತು ನೆಟ್ಟಗೆ ನಡೆದುಬಿಟ್ಟೆ. ಚೊಂಬು ಇಳಿಸಿದ ಮೇಲೆ ಹಾಲುಮನೆಯ ಹೊಸಿಲು ದಾಟುವಂತಿಲ್ಲ, ಅವ್ವ ಎಂದು ಕರೆಯುವಂತಿಲ್ಲ. ದಾರಿಯಲ್ಲಿ ಸಿಕ್ಕರೆ ಅವಳು "ಊಟ ಆಯ್ತಾಪ್ಪಾ?" ಎಂದು ಕೇಳುತ್ತಾಳೆ. ನಾವು "ಆಯ್ತು" ಎನ್ನುತ್ತೇವೆ. ಉಪವಾಸವಿದ್ದರೂ ಆಯ್ತು ಎಂದೇ ಹೇಳಬೇಕು. ಇಲ್ಲ ಎಂದರೆ ಹುಟ್ಟಿದ ಮನೆಯ ಅನ್ನ ಸಾಲದು ಎಂದು ಬೀದಿಯಲ್ಲಿ ನಿಂತು ಸಾರಿದಂತೆ. ಹಾಗೆ ಹೇಳಿದವರನ್ನು ಊರು ಕಂಡಿರಲಿಲ್ಲ.

ಇನ್ನೊಂದು ಸಂಗತಿ ಇತ್ತು. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ, ನಾನೂ ಆಗ ಗಮನಿಸಲಿಲ್ಲ. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ನಮ್ಮಮ್ಮ ಒಂದು ತಟ್ಟೆಗೆ ಅನ್ನ ಸಾರು ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ, ಒಲೆಯ ಪಕ್ಕ ಇಡುತ್ತಿದ್ದಳು. ಯಾರಿಗೆ ಎಂದರೆ "ಯಾರಾದ್ರೂ ಬಂದ್ರೆ ಇರ್ಲಿ" ಎನ್ನುತ್ತಿದ್ದಳು. ಯಾರೂ ಬರುತ್ತಿರಲಿಲ್ಲ. ಸಂಜೆ ಅದನ್ನು ನಾನೇ ತಿನ್ನುತ್ತಿದ್ದೆ.

ನಾನು ಪ್ರಾಣಿಶಾಸ್ತ್ರದಲ್ಲಿ ಪದವಿ ಮುಗಿಸಿ ಸುಮ್ಮನೆ ತಿರುಗುತ್ತಿದ್ದ ಕಾಲಕ್ಕೆ ಡಾಕ್ಟರ್ ವಸುಮತಿ ನಮ್ಮೂರಿಗೆ ಬಂದರು. ದೂರದ ದೊಡ್ಡ ಊರಿನವರು. ಇಲಿಗಳ ಮೇಲೆ ಪ್ರಯೋಗ ನಡೆಸಲು ಮುಚ್ಚಿಹೋಗಿದ್ದ ಐಸ್ ಕಾರ್ಖಾನೆಯನ್ನು ಬಾಡಿಗೆಗೆ ಹಿಡಿದು, ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡರು. ಗೋಡೆಗಳ ನಡುವೆ ಹೊಟ್ಟು ತುಂಬಿದ್ದರಿಂದ ಅದರೊಳಗೆ ಬಿಸಿಲೂ ಚಳಿಯೂ ಇಳಿಯುತ್ತಿರಲಿಲ್ಲ, ಸದ್ದೂ ಇಳಿಯುತ್ತಿರಲಿಲ್ಲ. ಇಲಿಗಳಿಗೆ ಅದು ಹೇಳಿ ಮಾಡಿಸಿದ ಜಾಗ. ನನಗೂ. ಪಂಜರ ತೊಳೆಯಲು, ಹೊಟ್ಟು ಬದಲಿಸಲು ಜೈತುನಕ್ಕ ಬಂದಳು. ನನ್ನ ಹೆಸರು ವೀರಭದ್ರ. ಮೇಡಂ ಒಬ್ಬರೇ ಅದನ್ನು ಪೂರ್ತಿ ಕರೆಯುತ್ತಿದ್ದರು.

ಮೊದಲ ದಿನವೇ ಅವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. "ಕರುಳಿನ ಒಳಗೋಡೆ ಇದೆಯಲ್ಲ, ಅದು ಮೈಯ ಹೆಬ್ಬಾಗಿಲು. ಅಲ್ಲಿ ಕಾವಲು ಕೋಶಗಳು ಕೂತಿರ್ತವೆ. ರಕ್ತದಲ್ಲಿ ಊರೂರು ತಿರುಗೋ ಕೋಶಗಳ ಥರ ಅಲ್ಲ ಇವು. ಬಂದು ಕೂತರೆ ಕೂತವು, ಆ ಗೋಡೆ ಬಿಟ್ಟು ಏಳಲ್ಲ. ಯಾವುದು ಅನ್ನ, ಯಾವುದು ವಿಷ, ಯಾವ ಕ್ರಿಮಿ ನಮ್ಮದು, ಯಾವುದು ಅಲ್ಲ, ಅವು ತಿಳಿದಿರಬೇಕು." ಅವರು ಇಲಿಯ ಜೀನುಗಳಲ್ಲಿ ಒಂದನ್ನು ಕತ್ತರಿಸಿ ತೆಗೆದಿದ್ದರು. ಅದಿಲ್ಲದ ಇಲಿಯಲ್ಲಿ ಕಾವಲು ಕೋಶಗಳು ಗೋಡೆಯಲ್ಲಿ ನೆಲೆ ನಿಲ್ಲುವುದಿಲ್ಲ, ಕರುಳು ಹುಣ್ಣಾಗುತ್ತದೆ, ಹಾಲು ಬಿಡುವ ಹೊತ್ತಿಗೆ ಮರಿ ಸೊರಗುತ್ತದೆ. ಜೊತೆಗೆ ಆ ಕೋಶಗಳು ಹಸಿರಾಗಿ ಹೊಳೆಯುವಂತೆ ಇನ್ನೊಂದು ಜೀನನ್ನು ಸೇರಿಸಿದ್ದರು, ಕಣ್ಣಿಗೆ ಕಾಣಲಿ ಎಂದು. ಅವರು ಮೊದಲು ಕೆಲಸ ಮಾಡುತ್ತಿದ್ದ ಜಾಗದಲ್ಲಿ ಇದೆಲ್ಲ ಕಂಡಿತ್ತು. ಇಲ್ಲಿ ಮತ್ತೆ ತೋರಿಸಿದರೆ ಹಣ ಕೊಡುವ ಸಮಿತಿ ಕೆಲಸ ಮುಂದುವರಿಸುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕುತ್ತದೆ. "ಅಯ್ಯೋ, ಮರಿ ಸೊರಗಿದ್ರೆ ಸಂಬಳ, ಚೆನ್ನಾಗಿದ್ರೆ ಇಲ್ಲ. ಎಂಥಾ ಕೆಲಸಾನಪ್ಪ" ಎಂದು ಜೈತುನಕ್ಕ ಆಮೇಲೆ ಗೊಣಗಿದಳು.

ಮರಿಗಳು ಸೊರಗಲಿಲ್ಲ. ಮೇಡಂ ತಮ್ಮೊಂದಿಗೆ ತಂದಿದ್ದ ತಾಯಿ ಇಲಿಗಳ ರೋಮ ಕೆದರಿತ್ತು, ಹಿಕ್ಕೆ ತೆಳುವಾಗಿತ್ತು. ಆದರೆ ಅವು ಇಲ್ಲಿ ಹೆತ್ತ ಮರಿಗಳು ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚುತ್ತಿದ್ದವು. ಮೇಡಂ ಬಾಲದ ತುದಿ ಕತ್ತರಿಸಿ ಪರೀಕ್ಷೆ ಮಾಡಿದರು, ಆ ಜೀನ್ ಇರಲಿಲ್ಲ. ಆಹಾರ ಬದಲಿಸಿದರು, ನೀರು ಕುದಿಸಿದರು. ಮತ್ತೊಂದು ಸೂಲು ಬಂತು, ಅವೂ ಚೆನ್ನಾಗಿದ್ದವು.  ಮೇಡಂ ಮಧ್ಯಾಹ್ನದ ಡಬ್ಬಿ ತೆರೆಯದೆ ವಾಪಸು ಒಯ್ಯುತ್ತಿದ್ದರು. ಒಂದು ದಿನ ನನ್ನ ಕಡೆ ನೋಡದೆ, "ವೀರಭದ್ರ, ಅಲ್ಲಿ ನಾನು ಕಂಡಿದ್ದು ಸುಳ್ಳೇನೋ" ಎಂದರು. 

ಮರಿ ಹಾಕಿದ ತಾಯಿಯ ಪಂಜರದ ಹತ್ತಿರ ಹೊಸಬರು ಹೋದರೆ ಅದು ಹೆದರಿ ಮರಿಗಳನ್ನೇ ತಿಂದುಬಿಡುತ್ತದೆ. ಅದಕ್ಕೆ ಬಾಣಂತಿ ಕೋಣೆಗೆ ನಾವಿಬ್ಬರೇ ಹೋಗಬೇಕೆಂದು ಮೇಡಂ ತಾವೇ ನಿಯಮ ಮಾಡಿದ್ದರು. ಅವತ್ತು ಚಿಂತೆಯಲ್ಲಿ ಆ ನಿಯಮ ಮರೆತು ಒಳಗೆ ಬಂದರು. ಜೈತುನಕ್ಕ ಹಸಿ ಮರಿಗಳನ್ನು ಎತ್ತಿ, ಬೇರೊಂದು ಪಂಜರದ ಹೊಟ್ಟಿನಲ್ಲಿ ಮೆಲ್ಲಗೆ ಹೊರಳಿಸಿ ವಾಸನೆ ಹತ್ತಿಸಿ, ಅಲ್ಲಿ ಹೋಲಿಕೆಗೆಂದು ಸಾಕಿದ್ದ ಸಾಮಾನ್ಯ ತಾಯಿಯ ಮಗ್ಗುಲಿಗೆ ಇಡುತ್ತಿದ್ದಳು.

"ಏನು ಮಾಡ್ತಿದ್ದೀರಿ ನೀವು?"

"ಹಾಲುಮನೆಗೆ ಕಳಿಸ್ತಾ ಇದೀನಿ ಮೇಡಂ."

"ಎಲ್ಲಿಗೆ?"

ಜೈತುನಕ್ಕ ನನ್ನ ಮುಖ ನೋಡಿದಳು. ನಾನು ಹೇಳಿದೆ, ಮರಿ ಹುಟ್ಟಿದ ಕೂಡಲೆ ತಾಯಿ ಬದಲಿಸುತ್ತೇವೆ, ಹಾಲು ಬಿಟ್ಟ ಮೇಲೆ ವಾಪಸು ತಂದು ಅದರ ಹೆಸರಿನ ಪಂಜರದಲ್ಲಿ ಇಡುತ್ತೇವೆ ಎಂದು. "ಮೊದಲಿನಿಂದಲೂ?" ಎಂದರು. ಮೊದಲಿನಿಂದಲೂ. "ನನಗೆ ಯಾಕೆ ಹೇಳಲಿಲ್ಲ?" ಈ ಪ್ರಶ್ನೆಯೇ ನಮಗೆ ಅರ್ಥವಾಗಲಿಲ್ಲ. ದಿನಾ ನೀರು ಬದಲಿಸುವುದನ್ನು ಯಾರಾದರೂ ಹೇಳುತ್ತಾರೆಯೇ? ಜೈತುನಕ್ಕ ಮೆತ್ತಗೆ, "ನಿಮ್ಮ ಕಡೆ ಏನ್ ಮಾಡ್ತಾರೆ ಮೇಡಂ?" ಎಂದು ಕೇಳಿದಳು. ಮೇಡಂ ಅಲ್ಲೇ ಹೊಟ್ಟಿನ ಮೂಟೆಯ ಮೇಲೆ ಕೂತುಬಿಟ್ಟರು. ಅಳುತ್ತಾರೆ ಎಂದುಕೊಂಡೆ, ಆದರೆ ನಕ್ಕರು. ತುಂಬಾ ಹೊತ್ತು ನಕ್ಕರು.

ಆಮೇಲೆ ಅವರು ಬಿಡಿಸಿ ಹೇಳಿದ್ದು ಇದು. ಮರಿ ಹುಟ್ಟುವಾಗ ಅದರ ಕರುಳು ಬರಿದು. ಹಾಲೂಡಿಸುವ ತಾಯಿಯ ಮೈಯಿಂದ, ಮೊಲೆಯಿಂದ, ಹಿಕ್ಕೆಯಿಂದ ಕ್ರಿಮಿಗಳು ಅದರೊಳಗೆ ಹೋಗಿ ಬೀಡುಬಿಡುತ್ತವೆ. ಅವನ್ನು ನೋಡಿಯೇ ಕಾವಲು ಕೋಶಗಳು ಕಲಿಯುವುದು. ಹಾಗಿದ್ದರೆ ಹಳೆಯ ಜಾಗದಲ್ಲಿ ಮರಿಗಳು ಸೊರಗಿದ್ದು ಜೀನ್ ಇಲ್ಲದ್ದಕ್ಕೋ, ಜೀನ್ ಇಲ್ಲದ ತಾಯಿಯ ಹಾಲಲ್ಲಿ ಬೆಳೆದದ್ದಕ್ಕೋ? ತಿಳಿಯಬೇಕಾದರೆ ದಾರಿ ಒಂದೇ. ಮುಂದಿನ ಸೂಲಿನಲ್ಲಿ ಅರ್ಧ ಮರಿಗಳನ್ನು ಹಾಲುಮನೆಗೆ ಕಳಿಸುವುದು, ಅರ್ಧವನ್ನು ಹೆತ್ತವಳ ಹತ್ತಿರವೇ ಬಿಡುವುದು. ಒಂದೇ ತಂದೆ, ಒಂದೇ ತಾಯಿ, ಇಲ್ಲದಿರುವ ಜೀನೂ ಒಂದೇ.

"ಚೊಂಬು ಇಳಿಸಿದ ಮೇಲೂ ಉಳಿಯುತ್ತಾ ಅದು?" ಎಂದು ನಾನು ಕೇಳಿದೆ.

"ಯಾವ ಚೊಂಬು?"

"ಅಂದ್ರೆ, ಹಾಲುಮನೆಯಿಂದ ವಾಪಸು ತಂದ ಮೇಲೂ."

"ಅದೇ ಗೊತ್ತಾಗಬೇಕಾಗಿರೋದು" ಎಂದರು.

ಮೇಡಂಗೆ ಅದು ಪ್ರಯೋಗಶಾಲೆ ಉಳಿಯುವ ಪ್ರಶ್ನೆಯಾಗಿತ್ತು. ನನಗೆ ಬೇರೆಯೇ ಆಗಿತ್ತು. ಚೊಂಬು ಇಳಿಸಿದ ದಿನಕ್ಕೆ ಹಾಲುಮನೆ ಮುಗಿಯಿತು ಎಂದು ಊರೆಲ್ಲ ಹೇಳುತ್ತಿತ್ತು. ಗೂಡಿನ ದಾರಿಯಲ್ಲಿ ದ್ಯಾವಮ್ಮ ಎದುರಾದಾಗಲೆಲ್ಲ, ಮುಗಿದಿದ್ದರೆ ಎದೆಯೊಳಗೆ ಇದೇನು ಎಂದು ನಾನು ಕೇಳಿಕೊಳ್ಳುತ್ತಿದ್ದೆ. ಈಗ ಅದಕ್ಕೆ ಉತ್ತರ ಈ ಗುಲಾಬಿ ಮರಿಗಳ ಹೊಟ್ಟೆಯಿಂದ ಬರುವುದಿತ್ತು. ಅದಕ್ಕೇ ಆ ಬೆಳಿಗ್ಗೆ ಅಷ್ಟು ಹೊತ್ತು ನಿಂತದ್ದು. ಕೊನೆಗೆ ಅರ್ಧ ಮರಿಗಳನ್ನು ಹೆತ್ತವಳ ಪಕ್ಕದಲ್ಲಿ ಬಿಟ್ಟೆ. ಅವಳು ಮೂಸಿ ನೋಡಿ, ಒಂದೊಂದನ್ನೇ ಬಾಯಲ್ಲಿ ಎತ್ತಿ ಹೊಟ್ಟೆಯಡಿಗೆ ಎಳೆದುಕೊಂಡಳು. ನಮ್ಮೂರಿನಲ್ಲಿ ನಾನು ಅಂಥದ್ದನ್ನು ನೋಡಿರಲಿಲ್ಲ. ಜೈತುನಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದಳು.

ಹಾಲು ಬಿಡುವ ಹೊತ್ತಿಗೆ ನೋಡಿದರೆ ಸಾಕು, ತಿಳಿಯುತ್ತಿತ್ತು. ಹೆತ್ತವಳ ಹತ್ತಿರ ಬೆಳೆದವು ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ಕೂತಿದ್ದವು. ಹಾಲುಮನೆಯವು ಒಂದರ ಮೇಲೊಂದು ಹತ್ತಿ ಆಡುತ್ತಿದ್ದವು. ಕರುಳು ನೋಡಬೇಕೆಂದರೆ ಇಲಿಯನ್ನು ಕೊಲ್ಲಲೇಬೇಕು. ಅದು ನನ್ನ ಕೆಲಸ.  ಮೇಡಂ ಸೂಕ್ಷ್ಮದರ್ಶಕದಿಂದ ಸರಿದು ನನಗೆ ಜಾಗ ಬಿಟ್ಟರು. ಮೊದಲು ಸೊರಗಿದ ಮರಿಯ ಕರುಳು ತೋರಿಸಿದರು. ಮಳೆಗೆ ಕುಸಿದ ಮಣ್ಣುಗೋಡೆಯ ಹಾಗಿತ್ತು, ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ ದಿಕ್ಕು ತಪ್ಪಿದಂತೆ ಬಿದ್ದಿತ್ತು. ಆಮೇಲೆ ಹಾಲುಮನೆಯ ಮರಿಯದು. ಗೋಡೆ ನೆಟ್ಟಗಿತ್ತು. ಅದರುದ್ದಕ್ಕೂ ಹಸಿರು ಚುಕ್ಕೆಗಳು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಸಾಮಾನ್ಯ ಇಲಿಯಲ್ಲಿ ಇರುವಷ್ಟು ಇರಲಿಲ್ಲ, ಆದರೆ ಇದ್ದವು. ಚಿಕ್ಕಂದಿನಲ್ಲಿ ಸುಣ್ಣದ ಗೂಡಿನ ದಿಬ್ಬದ ಮೇಲೆ ಅವ್ವನ ಸೊಂಟದಲ್ಲಿ ಕೂತು ಮುಸ್ಸಂಜೆ ನೋಡುತ್ತಿದ್ದ ಊರಿನ ದೀಪಗಳು ಹೀಗೇ ಕಾಣುತ್ತಿದ್ದವು.

"ಇವು ಇನ್ನು ಅಲ್ಲಿಂದ ಏಳಲ್ಲ" ಎಂದರು ಮೇಡಂ. "ಸಾಯೋವರೆಗೂ."

ಸಮಿತಿಯವರು ಬರುವ ಹಿಂದಿನ ದಿನ ಜೈತುನಕ್ಕ ಒಂದು ಉಪಾಯ ಹೇಳಿದಳು. "ಕಾಯಿಲೆ ಬಿದ್ದವನ್ನಷ್ಟೇ ತೋರ್ಸಿ ಮೇಡಂ. ನಿಮ್ಮ ಕೆಲಸಾನೂ ಉಳಿಯುತ್ತೆ, ಚೆನ್ನಾಗಿರೋ ಮಕ್ಳಿಗೆ ದೃಷ್ಟೀನೂ ಆಗಲ್ಲ." ಮೇಡಂ ನಕ್ಕು, "ನೀವು ನನ್ನ ಹಳೇ ಸಾಹೇಬರ ಥರಾನೇ ಯೋಚನೆ ಮಾಡ್ತೀರಿ" ಎಂದರು. ಮರುದಿನ ಅವರು ಎರಡನ್ನೂ ತೋರಿಸಿದರು. ಸಮಿತಿಯ ಹಿರಿಯರು, "ಇಷ್ಟು ವರ್ಷ ಜೀನ್ ಅಂದ್ರಿ, ಈಗ ಹಾಲು ಅಂತೀರಿ. ಯಾವುದಾದ್ರೂ ಒಂದು ಹೇಳಿ" ಎಂದರು. ಮೇಡಂ ಎರಡೂ ಎಂದರು. ಅದಕ್ಕೆ ಹಿರಿಯರು ಕೈತೊಳೆಯಲು ನೀರೆಲ್ಲಿದೆ ಎಂದು ಕೇಳಿದರು. ಬಾಗಿಲು ಹಾಕುತ್ತಾರೆಂದು ಆಗಲೇ ನನಗೆ ತಿಳಿಯಿತು.

ಐಸ್ ಕಾರ್ಖಾನೆ ಖಾಲಿ ಮಾಡುವ ದಿನ ಮೇಡಂ ನನ್ನನ್ನು ಕೇಳಿದರು, "ನಿಮ್ಮ ಹಾಲುಮನೆ ಯಾವುದು?" ತೋರಿಸುತ್ತೇನೆ ಎಂದು ಕರೆದುಕೊಂಡು ಹೋದೆ. ಗೂಡಿನ ಬೀದಿಯ ತಿರುವಿನಲ್ಲಿ ನಾನು ನಿಂತೆ, ಅವರು ಮುಂದೆ ಹೋದರು. ದ್ಯಾವಮ್ಮ ಜಗುಲಿಯ ಮೇಲೆ ಕೂತು ಸುಣ್ಣ ಜರಡಿ ಹಿಡಿಯುತ್ತಿದ್ದಳು. ತಲೆಗೂದಲು ನಿಜವಾಗಿಯೂ ಬೆಳ್ಳಗಾಗಿತ್ತು, ಧೂಳು ಯಾವುದು ಕೂದಲು ಯಾವುದು ಎಂದು ತಿಳಿಯುತ್ತಿರಲಿಲ್ಲ. ಪರಊರಿನ ಹೆಂಗಸನ್ನು ನೋಡಿ, ಎಲ್ಲರನ್ನೂ ಕೇಳುವಂತೆ, "ಊಟ ಆಯ್ತಾ ತಾಯಿ?" ಎಂದಳು.

"ಇಲ್ಲಮ್ಮ, ಇನ್ನೂ ಇಲ್ಲ" ಎಂದರು ಮೇಡಂ.

ಜರಡಿ ನಿಂತಿತು. ಅವಳು ಒಂದು ಗಳಿಗೆ ಮೇಡಂ ಮುಖವನ್ನೇ ನೋಡಿದಳು. ಆಮೇಲೆ ಎದ್ದು, ಸೆರಗಿನಿಂದ ಕೈ ಒರೆಸಿಕೊಂಡು, "ಬಾ ಒಳಗೆ, ಬಾ" ಎಂದಳು. ಅವಳ ದನಿ ಅಷ್ಟು ಗಟ್ಟಿಯಾಗಿದ್ದುದನ್ನು ನಾನು ಕೇಳಿರಲಿಲ್ಲ. ತಿರುವಿನಲ್ಲಿ ನಿಂತವನಿಗೆ ತಟ್ಟೆಯ ಸದ್ದು, ನೀರು ಬಗ್ಗಿಸಿದ ಸದ್ದು ಕೇಳಿಸಿತು. ಮಾತು ಕೇಳಿಸಲಿಲ್ಲ. ಹುರುಳಿ ಸಾರಿನ ವಾಸನೆ ಬಂತು. ಅದನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ.

ಹೊರಗೆ ಬಂದ ಮೇಡಂ ನನ್ನ ಜೊತೆ ಬೀದಿಯ ಕೊನೆಯವರೆಗೂ ನಡೆದರು. ಆಮೇಲೆ, "ನನಗೋಸ್ಕರ ಒಲೆ ಹಚ್ಚಿಸಿದೆನಲ್ಲ ಅಂದ್ಕೊಂಡೆ. ಒಲೆ ಆರಿತ್ತು. ಒಲೆ ಪಕ್ಕ ತಟ್ಟೆ ಮುಚ್ಚಿಟ್ಟಿತ್ತು, ಅದನ್ನೇ ತೆಗೆದು ಕೊಟ್ಟರು. ಮುದ್ದೆ ಇನ್ನೂ ಬೆಚ್ಚಗಿತ್ತು. ಅದು ನಿಮ್ಮ ಊಟಾನಾ ಅಂದರೆ, ಅಲ್ಲ, ನಂದು ಆಗಲೇ ಆಯ್ತು ಅಂದರು. ಮತ್ತೆ ಯಾರಿಗೆ ಇಟ್ಟಿದ್ದರು ವೀರಭದ್ರ?" ಎಂದರು.

 ಅಮ್ಮನ ಒಲೆಯ ಪಕ್ಕದ ತಟ್ಟೆ ಕಣ್ಣ ಮುಂದೆ ಬಂತು. ಸಂತೆಯಲ್ಲಿ ಗಂಗೆ ಸಿಕ್ಕಾಗ ಅಮ್ಮ "ಊಟ ಆಯ್ತಾ?" ಎಂದು ಕೇಳಿ, "ಆಯ್ತು" ಎಂಬ ಮಾತು ಬಂದ ಮೇಲೂ ಸ್ವಲ್ಪ ಹೊತ್ತು ನಿಂತೇ ಇರುತ್ತಿದ್ದುದು ನೆನಪಾಯಿತು. ಗಂಗೆಯ ಊಟವನ್ನು ಅಷ್ಟು ವರ್ಷ ಸಂಜೆ ಹೊತ್ತು ನಾನು ತಿಂದಿದ್ದೆ. ನನ್ನದು ಗೂಡಿನ ಬೀದಿಯಲ್ಲಿ ಆರುತ್ತಿತ್ತು.

ಮೇಡಂ ಹೋದ ಮರುದಿನ ನಾನು ಬೆಳಗಿನಿಂದ ಏನೂ ತಿನ್ನಲಿಲ್ಲ. ಮಧ್ಯಾಹ್ನ ಗೂಡಿನ ಬೀದಿಗೆ ಹೋದೆ. ಪರಊರಿನವರಿಗೆ ಸುಲಭವಾದ ಒಂದು ಮಾತು, ನನಗೆ ಮಾತ್ರ ಯಾಕೆ ಆಗಬಾರದು ಎಂದು ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಳ್ಳುತ್ತ ಹೋದೆ. ದ್ಯಾವಮ್ಮ ಜಗುಲಿಯ ಮೇಲಿದ್ದಳು. ನನ್ನನ್ನು ಕಂಡು ಜರಡಿ ಕೆಳಗಿಟ್ಟಳು. ಬಾಗಿಲು ತೆರೆದೇ ಇತ್ತು. ಒಳಗೆ ಕತ್ತಲು, ಒಲೆಯ ಪಕ್ಕ ಏನೋ ಹೊಳೆದಂತೆ ಕಂಡಿತು.

"ಊಟ ಆಯ್ತಾಪ್ಪಾ?"

ನಮ್ಮ ಬೀದಿಯ ತುದಿಯಲ್ಲಿ ಅಮ್ಮ ಊಟಕ್ಕೆ ನನಗಾಗಿ ಕಾಯುತ್ತಿದ್ದಳು. ಅವಳ ಅನ್ನ ಎಂದೂ ಕಡಿಮೆ ಬಿದ್ದಿರಲಿಲ್ಲ.

"ಆಯ್ತು" ಎಂದೆ.

ಅವಳು ತಲೆಯಾಡಿಸಿ ಮತ್ತೆ ಜರಡಿ ಎತ್ತಿಕೊಂಡಳು.

ಆಮೇಲೆ ನಾನು ಊರು ಬಿಟ್ಟೆ. ಮೇಡಂ ಬರೆದುಕೊಟ್ಟ ಶಿಫಾರಸಿನಿಂದ ಬೇರೊಂದು ಕಡೆ ಇಲಿಗಳನ್ನೇ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಇಲ್ಲಿ ಮರಿಗಳು ಹೆತ್ತವಳ ಹತ್ತಿರವೇ ಬೆಳೆಯುತ್ತವೆ. ಮರಿಯ ಹೊಟ್ಟೆಯಲ್ಲಿ ಹಾಲಿನ ಮಚ್ಚೆ ಮೂಡುವವರೆಗೆ ನಾನು ಪಂಜರದ ಮುಂದೆ ಸುಮ್ಮನೆ ನಿಂತಿರುತ್ತೇನೆ. ಜೊತೆಯವರು ಅದನ್ನು ನನ್ನ ಅತಿ ಎಚ್ಚರ ಎಂದುಕೊಂಡಿದ್ದಾರೆ. ದ್ಯಾವಮ್ಮ ಹೋದ ಸುದ್ದಿಯನ್ನು ಜೈತುನಕ್ಕ ಫೋನಿನಲ್ಲಿ ಹೇಳಿದಳು. ಕೊನೆಯ ದಿನವೂ ತಟ್ಟೆ ಮುಚ್ಚಿಟ್ಟಿದ್ದಳೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಊರಿಗೆ ಹೋಗಿದ್ದಾಗಲೆಲ್ಲ ದ್ಯಾವಮ್ಮ ಊಟ ಆಯ್ತಾ ಎಂದು ಕೇಳುತ್ತಿದ್ದಳು, ನಾನು ಆಯ್ತು ಎನ್ನುತ್ತಿದ್ದೆ. ಹಸಿವಾಗಿದೆ ಎಂದು ಅವ್ವನಿಗೆ ನಾನು ಒಮ್ಮೆಯೂ ಹೇಳಲಿಲ್ಲ.